ಮಲೆನಾಡಿನ ವಕೀಲರ ಕಚೇರಿಗೆ ಕನ್ನಡ ಕಾನೂನು ಬರಹ: ನಿಯಮ ಮೀರದೆ ಓದುಗರನ್ನು ತಲುಪುವ ಬಗೆ

ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬದ ಕಡೆಯಿಂದ ಶಿವಮೊಗ್ಗದ ವಕೀಲರ ಬಳಿಗೆ ಬರುವ ಕಕ್ಷಿದಾರರಲ್ಲಿ ಹೆಚ್ಚಿನವರು ಇಂದಿಗೂ ನೆಂಟರೋ ನೆರೆಯವರೋ ಹೇಳಿದ ಹೆಸರನ್ನು ನಂಬಿಕೊಂಡು ಬರುವವರು. ಆದರೆ ಹಾಗೆ ಹೊರಡುವ ಮೊದಲು ಆ ಮನೆಯಲ್ಲಿ ಯಾರಾದರೊಬ್ಬರು, ಹೆಚ್ಚಾಗಿ ಕಾಲೇಜಿಗೆ ಹೋಗುವ ಮಗನೋ ಮಗಳೋ, ಮೊಬೈಲಿನಲ್ಲಿ ಆ ವಿಷಯವನ್ನು ಒಮ್ಮೆ ಹುಡುಕಿ ನೋಡಿರುತ್ತಾರೆ. ಅವರಿಗೆ ಸಿಗುವುದು ಬೇರೆ ರಾಜ್ಯದ ಕಂದಾಯ ಕಾನೂನನ್ನು ಹಿಡಿದು ಬರೆದ ಇಂಗ್ಲಿಷ್ ಲೇಖನ, ಇಲ್ಲವೇ ಯಾವ ವರ್ಷದ್ದೆಂದು ತಿಳಿಯದ ಅರೆಬರೆ ಮಾಹಿತಿ. ನಮ್ಮ ಕಡೆಯ ಪಹಣಿ (ಜಮೀನಿನ ಹಕ್ಕುದಾಖಲೆ), ಪೋಡಿ (ಜಮೀನನ್ನು ಅಳೆದು ಬೇರೆ ಮಾಡುವುದು), ಬಗರ್‌ಹುಕುಂ (ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡುವ ಸಾಗುವಳಿ), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಇವುಗಳ ಬಗ್ಗೆ ತಿಳಿದವರು ಬರೆದ ನೇರವಾದ ಕನ್ನಡ ಬರಹ ಬಹಳ ಕಡಿಮೆ. ಆ ಕೊರತೆಯನ್ನು ತುಂಬಬಲ್ಲವರು ದಿನವೂ ಅದೇ ಕಡತಗಳನ್ನು ತಿರುವುತ್ತಿರುವ ವಕೀಲರೇ.

ನಾನು ವಕೀಲನಲ್ಲ. ಶಿವಮೊಗ್ಗದ ಒಂದು ಕಚೇರಿಗಾಗಿ ಕೆಲವು ವರ್ಷಗಳಿಂದ ಕನ್ನಡ ಲೇಖನಗಳನ್ನು ಸಿದ್ಧಪಡಿಸಿಕೊಡುತ್ತಿದ್ದೇನೆ. ವಕೀಲರು ವಿಷಯ ಹೇಳುತ್ತಾರೆ, ನಾನು ಬರೆಯುತ್ತೇನೆ, ಅವರು ತಿದ್ದುತ್ತಾರೆ. ಆ ಕೆಲಸದಲ್ಲಿ ಕಲಿತದ್ದನ್ನು ಇಲ್ಲಿ ಹಂತಹಂತವಾಗಿ ಹೇಳಲು ಪ್ರಯತ್ನಿಸಿದ್ದೇನೆ.

ಮೊದಲು 36ನೇ ನಿಯಮ

ಬರೆಯಲು ಕೂರುವ ಮೊದಲು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ 6ನೇ ಭಾಗ, 2ನೇ ಅಧ್ಯಾಯದ 36ನೇ ನಿಯಮವನ್ನು ಕಚೇರಿಯ ಎಲ್ಲರೂ, ಗುಮಾಸ್ತರೂ ಸೇರಿ, ಒಮ್ಮೆ ಪೂರ್ತಿಯಾಗಿ ಓದಬೇಕು. ವಕೀಲರು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೆಲಸ ಕೇಳಿಕೊಳ್ಳುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ; ಸುತ್ತೋಲೆ, ದಲ್ಲಾಳಿ, ವೈಯಕ್ತಿಕ ಪತ್ರ ಇವು ಯಾವುದರ ಮೂಲಕವೂ ಅದನ್ನು ಮಾಡುವಂತಿಲ್ಲ; ತಾವು ನಡೆಸುತ್ತಿರುವ ಪ್ರಕರಣದ ಸಂಬಂಧವಾಗಿ ಪತ್ರಿಕೆಯಲ್ಲಿ ಟಿಪ್ಪಣಿ ಬರೆಸುವುದಾಗಲಿ ಫೋಟೊ ಹಾಕಿಸುವುದಾಗಲಿ ಕೂಡದು ಎಂದು ಆ ನಿಯಮ ಹೇಳುತ್ತದೆ. ನಾಮಫಲಕದ ಅಳತೆ ಕೂಡ ಮಿತಿಯಲ್ಲಿರಬೇಕು, ಅದರ ಮೇಲೆ ಇಂಥದೇ ಕೆಲಸದಲ್ಲಿ ಪರಿಣತರೆಂದು ಬರೆಸಿಕೊಳ್ಳಬಾರದು. ಇದನ್ನು ಮೀರಿದರೆ 1961ರ ವಕೀಲರ ಅಧಿನಿಯಮದ 35ನೇ ಕಲಮಿನಡಿ ಶಿಸ್ತುಕ್ರಮಕ್ಕೆ ದಾರಿಯಾಗುತ್ತದೆ. ಅದು ವಾಗ್ದಂಡನೆಯಿಂದ ಹಿಡಿದು ವಕೀಲಿಕೆಯ ಸನ್ನದು ಹೋಗುವವರೆಗೂ ಮುಟ್ಟಬಹುದು.

2008ರಲ್ಲಿ ಈ ನಿಯಮಕ್ಕೆ ಒಂದು ಸಡಿಲಿಕೆ ಬಂತು. ವಕೀಲರು ತಮ್ಮ ಜಾಲತಾಣದಲ್ಲಿ ಹೆಸರು, ವಿಳಾಸ, ದೂರವಾಣಿ, ಇಮೇಲ್, ನೋಂದಣಿಯ ವಿವರ, ವಿದ್ಯಾರ್ಹತೆ ಮತ್ತು ಕೆಲಸ ಮಾಡುವ ಕ್ಷೇತ್ರಗಳನ್ನು ತಿಳಿಸಬಹುದೆಂದು ಪರಿಷತ್ತು ಒಪ್ಪಿತು. ಒಪ್ಪಿದ್ದು ಅಷ್ಟನ್ನು ಮಾತ್ರ. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್, ಆನ್‌ಲೈನ್ ಪಟ್ಟಿಗಳಲ್ಲಿ ಹೆಸರು ಹಾಕಿಸಿ ಕಕ್ಷಿದಾರರನ್ನು ಸೆಳೆಯುವ ವಕೀಲರ ಮೇಲೆ ಕ್ರಮ ಕೈಗೊಳ್ಳುವಂತೆ ಪರಿಷತ್ತಿಗೆ ನಿರ್ದೇಶನ ಕೊಟ್ಟ ಮೇಲೆ ಈ ವಿಷಯದಲ್ಲಿ ಬಿಗಿ ಇನ್ನೂ ಹೆಚ್ಚಾಗಿದೆ.

ಹಾಗಾದರೆ ಲೇಖನ ಬರೆಯುವುದೇ ತಪ್ಪೇ ಎಂದು ಹಲವು ಕಿರಿಯ ವಕೀಲರು ಕೇಳುತ್ತಾರೆ. ಕಾನೂನು ಏನು ಹೇಳುತ್ತದೆಂಬುದನ್ನು ಜನರಿಗೆ ತಿಳಿಸುವುದು ಬೇರೆ, ‘ನನ್ನ ಬಳಿ ಬನ್ನಿ’ ಎನ್ನುವುದು ಬೇರೆ. ಮೊದಲನೆಯದು ನಾಲ್ಕು ಜನರಿಗೆ ತಿಳುವಳಿಕೆ ಕೊಡುವ ಕೆಲಸ, ಎರಡನೆಯದು ಅಂಗಡಿಯ ಕೂಗು. ನಿಯಮದಲ್ಲಿರುವ ‘ಪರೋಕ್ಷವಾಗಿ’ ಎಂಬ ಪದವನ್ನು ಮರೆಯದೆ, ಲೇಖನದಲ್ಲಿ ನಿಮ್ಮ ಗೆಲುವು, ನಿಮ್ಮ ಶುಲ್ಕ, ನಿಮ್ಮ ಅನುಭವದ ಹೊಗಳಿಕೆ, ‘ಖಚಿತ ಪರಿಹಾರ’, ‘ಜಿಲ್ಲೆಯ ಹೆಸರಾಂತ’ ಇಂಥ ಒಂದು ಮಾತೂ ಬಾರದಂತೆ ನೋಡಿಕೊಳ್ಳಬೇಕು. ನಾನು ಕರಡನ್ನು ಮುಗಿಸಿದ ಮೇಲೆ ಕಚೇರಿಯ ಹೆಸರನ್ನು ಬೆರಳಿನಿಂದ ಮುಚ್ಚಿ ಓದುತ್ತೇನೆ. ಆಗಲೂ ಆ ಬರಹ ಓದುಗನಿಗೆ ಪೂರ್ತಿ ಪ್ರಯೋಜನಕ್ಕೆ ಬರುತ್ತದೆ ಎನಿಸಿದರೆ ಮಾತ್ರ ಅದು ಮುಂದಿನ ಹಂತಕ್ಕೆ ಹೋಗುತ್ತದೆ.

ಗುಮಾಸ್ತರ ಮೇಜಿನ ಮೇಲೊಂದು ಪುಸ್ತಕ

ಏನು ಬರೆಯಬೇಕೆಂದು ವಕೀಲರು ಕುಳಿತು ಯೋಚಿಸಿದರೆ ಅವರಿಗೆ ಹೊಳೆಯುವುದು ಅಧಿನಿಯಮದ ಹೆಸರುಗಳು. ಬಾಗಿಲಿಗೆ ಬಂದವರು ಅಧಿನಿಯಮದ ಹೆಸರು ಹೇಳುವುದಿಲ್ಲ, ತಮ್ಮ ಕಷ್ಟ ಹೇಳುತ್ತಾರೆ. ಆದ್ದರಿಂದ ಒಂದು ಉದ್ದನೆಯ ನೋಟ್‌ಬುಕ್ ತಂದು ಗುಮಾಸ್ತರ ಮೇಜಿನ ಮೇಲಿಟ್ಟು, ಒಂದು ತಿಂಗಳ ಕಾಲ ಬಂದವರು ಮತ್ತು ಫೋನ್ ಮಾಡಿದವರು ಕೇಳಿದ ಮೊದಲ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಬರೆದಿಡಲು ಹೇಳಿ. ಹೆಸರು, ಊರು, ಸರ್ವೆ ನಂಬರು ಯಾವುದೂ ಬೇಡ.

ನಮ್ಮ ಪುಸ್ತಕದ ಮೊದಲ ಪುಟಗಳಲ್ಲಿ ಇದ್ದ ಕೆಲವು ಪ್ರಶ್ನೆಗಳು ಹೀಗಿವೆ. ‘ಅಪ್ಪ ಹೋಗಿ ಹತ್ತು ವರ್ಷ ಆತು, ಪಹಣಿ ಇನ್ನೂ ಅವರ ಹೆಸರಲ್ಲೇ ಅದೆ, ಏನ್ ಮಾಡ್ಬೇಕು?’ ‘ಅಡಿಕೆ ದುಡ್ಡಿಗೆ ಕೊಟ್ಟ ಚೆಕ್ ವಾಪಸ್ ಬಂದದೆ.’ ‘ನಾವು ಸಾಗುವಳಿ ಮಾಡ್ತಿರೋ ಜಾಗಕ್ಕೆ ಅರಣ್ಯದವರು ನೋಟಿಸ್ ಕೊಟ್ಟಿದಾರೆ.’ ‘ನನ್ ಮದುವೆ ಆಗಿ ಮೂವತ್ತು ವರ್ಷ ಆತು, ತೋಟದಲ್ಲಿ ನಂಗೆ ಪಾಲು ಬರ್ತದಾ?’ ಒಂದು ತಿಂಗಳಾದ ಮೇಲೆ ಎಣಿಸಿ ನೋಡಿದರೆ, ಬೇರೆ ಬೇರೆ ಬಾಯಿಂದ ಬಂದ ಪ್ರಶ್ನೆಗಳು ಹತ್ತು ಹನ್ನೆರಡು ವಿಷಯಗಳಿಗೆ ಬಂದು ನಿಲ್ಲುತ್ತವೆ. ನಿಮ್ಮ ಒಂದು ವರ್ಷದ ಬರವಣಿಗೆಗೆ ಅಷ್ಟು ಧಾರಾಳವಾಯಿತು.

ಯಾವುದನ್ನು ಮೊದಲು ಬರೆಯಬೇಕೆಂಬುದಕ್ಕೆ ನನ್ನ ಅಳತೆ ಒಂದೇ: ತಡವಾದರೆ ಹಕ್ಕು ಕೈತಪ್ಪುವ ವಿಷಯ ಮೊದಲು. ಚೆಕ್ಕಿನ ವಿಷಯವನ್ನೇ ನೋಡಿ. ಚೆಕ್ ಅಮಾನ್ಯವಾದ ಸುದ್ದಿ ಬ್ಯಾಂಕಿನಿಂದ ತಲುಪಿದ 30 ದಿನಗಳ ಒಳಗೆ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದವರಿಗೆ ಹಣ ಕೊಡಲು 15 ದಿನ ಇರುತ್ತದೆ, ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಹೋಗಬೇಕು. ‘ಸುಗ್ಗಿ ಮುಗಿದ ಮೇಲೆ ಕೊಡ್ತೇನೆ’ ಎಂಬ ಮಾತು ನಂಬಿ ಮೂರು ತಿಂಗಳು ಕಾದು ಬಂದವರ ಮುಂದೆ ವಕೀಲರು ಕೈಚೆಲ್ಲಬೇಕಾದುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಅಡಿಕೆ ಕೊಯ್ಲು ಮುಗಿದು ಮಂಡಿಯ ಲೆಕ್ಕಾಚಾರ ನಡೆಯುವ ಹೊತ್ತಿಗೆ ಈ ಲೇಖನ ಓದುಗರ ಕೈಯಲ್ಲಿದ್ದರೆ ಅಂಥ ಒಬ್ಬರಾದರೂ ಉಳಿದಾರು. ಪಹಣಿಯಲ್ಲಿ ತಪ್ಪು ನಮೂದಾದಾಗ ಕರ್ನಾಟಕ ಭೂಕಂದಾಯ ಅಧಿನಿಯಮದ 136(2)ರಡಿ ಮೇಲ್ಮನವಿಗೆ ಇರುವ 60 ದಿನಗಳ ಅವಧಿಯೂ ಇದೇ ಸಾಲಿಗೆ ಸೇರಿದ್ದು.

ಒಂದು ಪ್ರಶ್ನೆ, ಒಂದು ಲೇಖನ

‘ಹಿಂದೂ ಉತ್ತರಾಧಿಕಾರ ಕಾನೂನು: ಒಂದು ಪರಿಚಯ’ ಎಂಬ ಲೇಖನವನ್ನು ಯಾರೂ ಹುಡುಕುವುದಿಲ್ಲ. ಹುಡುಕುವುದು ‘ಮದುವೆಯಾದ ಹೆಣ್ಣುಮಗಳಿಗೆ ಅಪ್ಪನ ಆಸ್ತಿಯಲ್ಲಿ ಪಾಲು ಇದೆಯೇ’ ಎಂದು. ತಲೆಬರಹ ಆ ಪ್ರಶ್ನೆಯೇ ಆಗಿರಲಿ, ಉತ್ತರ ಮೊದಲ ನಾಲ್ಕು ಸಾಲುಗಳಲ್ಲಿ ಬರಲಿ. ಪೀಠಿಕೆಯಲ್ಲಿ ವೇದಕಾಲದಿಂದ ಸ್ತ್ರೀಯ ಸ್ಥಾನಮಾನವನ್ನು ವಿವರಿಸುವ ಅಭ್ಯಾಸ ನಮ್ಮ ಹಲವರಲ್ಲಿದೆ. ತವರಿನಲ್ಲಿ ಜಗಳವಾಗಿ ರಾತ್ರಿ ಹನ್ನೊಂದಕ್ಕೆ ಮೊಬೈಲು ಹಿಡಿದು ಕುಳಿತ ಹೆಣ್ಣುಮಗಳಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಈ ಲೇಖನವನ್ನು ನಾವು ಹೇಗೆ ಕಟ್ಟಿದೆವೆಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲ ಕರಡಿನಲ್ಲಿ ವಕೀಲರು ಬರೆದುಕೊಟ್ಟ ವಾಕ್ಯ ಹೀಗಿತ್ತು: ‘ಸಹದಾಯಾದಿ ಹಿತಾಸಕ್ತಿಯು ಜನ್ಮತಃ ಪ್ರಾಪ್ತವಾಗುವುದರಿಂದ ಪುತ್ರಿಯು ಪುತ್ರನಷ್ಟೇ ಹಕ್ಕುಳ್ಳವಳಾಗಿರತಕ್ಕದ್ದು.’ ವಾದಪತ್ರಕ್ಕೆ ಇದು ಸರಿಯಾದ ವಾಕ್ಯವೇ. ಓದುಗರಿಗಾಗಿ ಅದನ್ನು ಹೀಗೆ ಬದಲಿಸಿದೆವು: ‘ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದ ಎಷ್ಟು ಹಕ್ಕಿದೆಯೋ ಮಗಳಿಗೂ ಅಷ್ಟೇ ಇದೆ. ಮದುವೆಯಾಗಿ ಬೇರೆ ಮನೆಗೆ ಹೋದಳೆಂಬ ಕಾರಣಕ್ಕೆ ಅದು ತಪ್ಪುವುದಿಲ್ಲ.’

ಆದರೆ ಅಷ್ಟು ಹೇಳಿದರೆ ನಮ್ಮ ಕಡೆಯವರು ನಂಬುವುದಿಲ್ಲ, ನಂಬದಿರಲು ಕಾರಣವೂ ಇದೆ. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂದ ರಾಜ್ಯ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ‘ತೊಂಬತ್ನಾಲ್ಕರ ಮೊದಲು ಮದುವೆ ಆಗಿದ್ರೆ ಪಾಲಿಲ್ಲ’ ಎಂಬ ಮಾತು ಆಗ ಊರೂರಲ್ಲಿ ನೆಲೆಯೂರಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕೇ ಬೇಡವೇ ಎಂಬ ಗೊಂದಲವನ್ನು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ, ಬದುಕಿರಬೇಕಾಗಿಲ್ಲ ಎಂದು ಹೇಳಿ ಬಗೆಹರಿಸಿತು. ಹಳೆಯ ಮಾತು ಎಲ್ಲಿಂದ ಬಂತು, ಅದು ಯಾವಾಗ ಬಿದ್ದುಹೋಯಿತು ಎಂಬುದನ್ನು ಹೀಗೆ ತೋರಿಸಿಕೊಟ್ಟಾಗ ಮಾತ್ರ ಓದುಗರು ನಿಮ್ಮ ಮಾತಿಗೆ ಬೆಲೆ ಕೊಡುತ್ತಾರೆ. ಸ್ಥಳೀಯ ಬರಹಕ್ಕೆ ಸಲ್ಲುವ ಮೇಲುಗೈ ಇದು. ದೆಹಲಿಯಲ್ಲಿ ಕುಳಿತು ಬರೆದವರಿಗೆ 1994ರ ನೆನಪೇ ಇರುವುದಿಲ್ಲ.

ಆಮೇಲೆ ಅಪವಾದಗಳನ್ನು ಬರೆಯಿರಿ, ಮುಚ್ಚಿಡಬೇಡಿ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ತಂದೆಯ ಸ್ವಯಾರ್ಜಿತ ಆಸ್ತಿಗೆ ಲೆಕ್ಕವೇ ಬೇರೆ, ಅವರು ಉಯಿಲು ಬರೆದಿದ್ದರೆ ಇನ್ನೂ ಬೇರೆ. ಮಗಳು ಹಿಂದೆ ನೋಂದಾಯಿತ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದರೆ ಆ ಪತ್ರವನ್ನು ಓದದೆ ಏನನ್ನೂ ಹೇಳಲಾಗದು. ಮಲೆನಾಡಿನಲ್ಲಿ ಇನ್ನೊಂದು ಸಂಗತಿ ಇದೆ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಗೇಣಿ ಜಮೀನಿನ ಹಕ್ಕು ಪಡೆದ ಕುಟುಂಬಗಳು ಇಲ್ಲಿ ಬಹಳ. ಭೂನ್ಯಾಯಮಂಡಳಿ ಹಾಗೆ ಕೊಟ್ಟ ಆದೇಶ ಮನೆಯ ಹಿರಿಯಣ್ಣನೊಬ್ಬನ ಹೆಸರಿನಲ್ಲಿ ಇರುವುದುಂಟು, ಅದು ಅವನೊಬ್ಬನಿಗೆ ಸಿಕ್ಕಿದ್ದೋ ಕೂಡು ಕುಟುಂಬಕ್ಕೆ ಸಿಕ್ಕಿದ್ದೋ ಎಂಬುದು ಸಾಕ್ಷ್ಯದ ಮೇಲೆ ನಿಂತ ಪ್ರಶ್ನೆ. ಲೇಖನದಲ್ಲಿ ಅದಕ್ಕೆ ಉತ್ತರ ಕೊಡಲಾಗುವುದಿಲ್ಲ, ಆದರೆ ಅಂಥದೊಂದು ಪ್ರಶ್ನೆ ಇದೆ ಎಂದು ಎಚ್ಚರಿಸಬಹುದು.

ಕೊನೆಯ ಭಾಗ ಕಾಗದಪತ್ರಗಳದ್ದು. ಯಾವ ವಕೀಲರ ಬಳಿ ಹೋದರೂ ಒಯ್ಯಬೇಕಾದವು ಎಂದು ವಂಶವೃಕ್ಷ, ಈಗಿನ ಮತ್ತು ಹಳೆಯ ಪಹಣಿಗಳು, ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ, ಋಣಭಾರ ಪತ್ರ, ತಂದೆಯ ಮರಣ ಪ್ರಮಾಣಪತ್ರ, ಇದ್ದರೆ ಭೂನ್ಯಾಯಮಂಡಳಿಯ ಆದೇಶ ಇವನ್ನು ಬರೆದು, ಯಾವುದು ಎಲ್ಲಿ ಸಿಗುತ್ತದೆಂದು ತಿಳಿಸಿ. ಅದರ ಕೆಳಗೆ ಒಂದು ಮಾತನ್ನು ನಾವು ತಪ್ಪದೆ ಸೇರಿಸುತ್ತೇವೆ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಕೇಳಬಹುದು, 15100ಕ್ಕೆ ಕರೆ ಮಾಡಬಹುದು. ಇದರಿಂದ ಬರುವ ಕೆಲಸ ಕೈಬಿಡುತ್ತದಲ್ಲವೇ ಎಂದು ಒಬ್ಬ ಕಿರಿಯ ವಕೀಲರು ಕೇಳಿದ್ದರು. ದುಡ್ಡಿಲ್ಲದವರಿಗೆ ದಾರಿ ತೋರಿಸಲಾಗದ ಬರಹವನ್ನು ಕಾನೂನು ತಿಳುವಳಿಕೆ ಎಂದು ಕರೆಯಲು ನನಗೆ ಮನಸ್ಸು ಬಾರದು.

ಹೆಸರು ತೆಗೆದರೆ ಸಾಲದು

ಮೊದಲ ವರ್ಷ ನನ್ನಿಂದ ಒಂದು ತಪ್ಪಾಯಿತು. ಅಣ್ಣತಮ್ಮಂದಿರ ನಡುವೆ ತೋಟದ ನೀರಿನ ಕಾಲುವೆಗಾಗಿ ಎದ್ದ ತಕರಾರು ರಾಜಿಯಲ್ಲಿ ಮುಗಿದಿತ್ತು. ಅದನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನ ಬರೆದೆ. ಹೆಸರುಗಳನ್ನು ಬದಲಿಸಿದ್ದೆ, ಊರನ್ನು ಬಿಟ್ಟಿದ್ದೆ. ಆದರೆ ಹೊಳೆಯ ಆಚೆಗಿರುವ ತೋಟ, ಸಂಕದ ಪಕ್ಕದ ಹಳೆಯ ಪಂಪ್‌ಸೆಟ್ ಮನೆ, ಊರು ಬಿಟ್ಟು ಹೋಗಿದ್ದ ಎರಡನೆಯ ತಮ್ಮ ಇಷ್ಟೂ ಹಾಗೆಯೇ ಉಳಿದಿತ್ತು. ಮೂರನೆಯ ದಿನ ಆ ಮನೆಯ ಸೊಸೆ ಫೋನ್ ಮಾಡಿ, ‘ನಮ್ಮನೆ ಕಥೆ ಎಲ್ಲರ ಮೊಬೈಲಲ್ಲೂ ಓಡಾಡ್ತಿದೆಯಲ್ಲ ಸರ್, ಮಾವನೋರು ಊಟ ಬಿಟ್ಟು ಕೂತಿದಾರೆ’ ಎಂದರು. ಆ ಸಂಜೆಯೇ ಲೇಖನವನ್ನು ತೆಗೆದುಹಾಕಿ, ವಕೀಲರು ಮತ್ತು ನಾನು ಅವರ ಮನೆಗೆ ಹೋಗಿ ಹಿರಿಯರ ಮುಂದೆ ಕ್ಷಮೆ ಕೇಳಿ ಬಂದೆವು. ಜೋರಾಗಿ ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತೇನೋ, ಅವರು ಕಾಫಿ ಕೊಟ್ಟು ಕಳುಹಿಸಿದರು.

ನೂರು ಮನೆಯ ಊರಿನಲ್ಲಿ ಹೆಸರು ಬದಲಿಸುವುದರಿಂದ ಗುಟ್ಟು ಉಳಿಯುವುದಿಲ್ಲ. ಕಕ್ಷಿದಾರರು ಹೇಳಿದ್ದನ್ನು ಹೊರಗೆಡಹಬಾರದೆಂಬ ಕರ್ತವ್ಯ ಸಾಕ್ಷ್ಯ ಅಧಿನಿಯಮದ 126ನೇ ಕಲಮಿನಲ್ಲಿತ್ತು, ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಮೊಕದ್ದಮೆ ಮುಗಿದರೂ ಆ ಕರ್ತವ್ಯ ಮುಗಿಯುವುದಿಲ್ಲ. ಅಂದಿನಿಂದ ನಾವು ಕಚೇರಿಯ ಪ್ರಕರಣಗಳನ್ನು ಉದಾಹರಣೆಗೆ ಬಳಸುವುದನ್ನೇ ನಿಲ್ಲಿಸಿದೆವು. ಪ್ರಕಟವಾದ ತೀರ್ಪುಗಳಿಂದ ಉದಾಹರಣೆ ತೆಗೆದುಕೊಳ್ಳುತ್ತೇವೆ, ಇಲ್ಲವೇ ‘ಒಬ್ಬ ತಂದೆಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಎಂದಿಟ್ಟುಕೊಳ್ಳಿ’ ಎಂದು ಬಿಡಿಸಿ ಹೇಳುತ್ತೇವೆ. ಊರಿನ ಹಾಲಿನ ಡೈರಿಯ ಮುಂದೆ ಈ ಲೇಖನವನ್ನು ಗಟ್ಟಿಯಾಗಿ ಓದಿದರೆ ‘ಇದು ಇಂಥವರ ಮನೆಯದು’ ಎಂದು ಯಾರಾದರೂ ಹೇಳಿಯಾರೇ ಎಂದು ಪ್ರತಿ ಸಲವೂ ಕೇಳಿಕೊಳ್ಳುತ್ತೇನೆ.

ತಿದ್ದುವ ಕಣ್ಣು ಬೇರೆಯದಾಗಿರಲಿ

ಬರೆದವರೇ ತಿದ್ದಿದರೆ ತಪ್ಪು ಕಾಣುವುದಿಲ್ಲ. ಕಚೇರಿಯ ಇನ್ನೊಬ್ಬ ವಕೀಲರು ಪ್ರತಿಯೊಂದು ಕಲಮು, ದಿನಾಂಕ, ಅವಧಿಯನ್ನು ಮೂಲ ಪುಸ್ತಕ ತೆರೆದು ತಾಳೆ ನೋಡಬೇಕು. ಕೃತಕ ಬುದ್ಧಿಮತ್ತೆಯ ಯಂತ್ರದಿಂದ ಬರೆಸಿದ ಕರಡಾದರೆ ಎರಡು ಪಟ್ಟು ಎಚ್ಚರ ಬೇಕು, ಏಕೆಂದರೆ ಇಲ್ಲದ ತೀರ್ಪುಗಳನ್ನು ಇರುವಂತೆಯೇ ಅದು ಬರೆದುಕೊಡುತ್ತದೆ. ಲೇಖನದ ಕೆಳಗೆ ‘ಈ ದಿನಾಂಕದವರೆಗಿನ ಕಾನೂನಿನಂತೆ’ ಎಂದು ನಮೂದಿಸಿ, ಇದು ಸಾಮಾನ್ಯ ಮಾಹಿತಿಯೇ ಹೊರತು ನಿಮ್ಮ ಪ್ರಕರಣಕ್ಕೆ ಕೊಟ್ಟ ಸಲಹೆಯಲ್ಲ ಎಂಬುದನ್ನು ಅಕ್ಷರ ಚಿಕ್ಕದು ಮಾಡದೆ ಬರೆಯಿರಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಾಗ ನಮ್ಮ ಹಳೆಯ ಲೇಖನಗಳಲ್ಲಿದ್ದ ಕಲಮಿನ ಸಂಖ್ಯೆಗಳೆಲ್ಲ ಒಂದೇ ರಾತ್ರಿಯಲ್ಲಿ ಹಳತಾದವು. ಬೇಸಿಗೆ ರಜೆಯಲ್ಲಿ ಸಿವಿಲ್ ನ್ಯಾಯಾಲಯಗಳು ಮುಚ್ಚಿರುವಾಗ ಒಂದು ವಾರವನ್ನು ಹಳೆಯ ಬರಹಗಳ ತಿದ್ದುಪಡಿಗೆಂದೇ ಮೀಸಲಿಡುವುದು ಒಳ್ಳೆಯದು. ತಿದ್ದಲು ಪುರುಸೊತ್ತಿಲ್ಲದ ಲೇಖನವನ್ನು ಉಳಿಸುವುದಕ್ಕಿಂತ ಅಳಿಸುವುದು ಲೇಸು.

ಪ್ರಕಟಿಸುವುದು

ವಕೀಲರ ಕಚೇರಿಗಳಲ್ಲಿ ಟೈಪಿಂಗ್ ಇಂದಿಗೂ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ನಡೆಯುವುದುಂಟು. ಅದನ್ನು ಹಾಗೆಯೇ ಜಾಲತಾಣಕ್ಕೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳು ಮತ್ತು ಅರ್ಕಾವೊತ್ತುಗಳು ಸರಿಯಾಗಿ ಬಂದಿವೆಯೇ ಎಂದು ನೋಡಿ. ಬರಹವನ್ನು ಚಿತ್ರವಾಗಿಯೋ ಸ್ಕ್ಯಾನ್ ಪ್ರತಿಯಾಗಿಯೋ ಹಾಕಬೇಡಿ. ಒಳ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಸಿಗ್ನಲ್ ಸಿಗುವುದೇ ಕಷ್ಟ, ಅಲ್ಲಿ ತೆರೆದುಕೊಳ್ಳುವುದು ಬರಿಯ ಅಕ್ಷರಗಳಿರುವ ಹಗುರವಾದ ಪುಟ ಮಾತ್ರ. ಪದಗಳಲ್ಲಿಯೂ ಜನರ ಬಳಕೆಯನ್ನು ಹಿಡಿಯಿರಿ: ಧಾರವಾಡದ ಕಡೆಯ ‘ಉತಾರ’ ಇಲ್ಲಿ ‘ಪಹಣಿ’, ಕೆಲವರಿಗೆ ‘ಆರ್‌ಟಿಸಿ’. ಮೂರೂ ಲೇಖನದಲ್ಲಿ ಒಂದೊಂದು ಸಲ ಸಹಜವಾಗಿ ಬಂದರೆ ಮೂವರಿಗೂ ಅದು ಸಿಗುತ್ತದೆ.

ಹಣ ಕೊಟ್ಟು ಹುಡುಕಾಟದಲ್ಲಿ ಮೇಲೆ ಬರುವುದು ಜಾಹೀರಾತು, ಅದು ಬೇಡ. ಕಕ್ಷಿದಾರರಿಂದ ನಕ್ಷತ್ರ ಹಾಕಿಸಿ ಹೊಗಳಿಕೆ ಬರೆಸುವುದು ಬೇಡ. ಕೇಳದವರ ವಾಟ್ಸಾಪಿಗೆ, ಊರಿನ ಗುಂಪುಗಳಿಗೆ ಕಚೇರಿಯಿಂದಲೇ ಲೇಖನ ಕಳುಹಿಸುವುದು ನಿಯಮದಲ್ಲಿರುವ ಸುತ್ತೋಲೆ ಮತ್ತು ವೈಯಕ್ತಿಕ ಪತ್ರಕ್ಕೆ ತೀರ ಹತ್ತಿರ ಬರುವುದರಿಂದ ಅದನ್ನೂ ನಾವು ಮಾಡುವುದಿಲ್ಲ. ಓದಿದವರು ತಮ್ಮ ನೆಂಟರಿಗೆ ಕಳುಹಿಸಿದರೆ ಅದು ಅವರ ಇಚ್ಛೆ.

ಫಲ ಬಂದಿದೆಯೇ ಎಂದು ತಿಳಿಯಲು ಎಷ್ಟು ಜನ ಪುಟ ತೆರೆದರೆಂಬ ಲೆಕ್ಕವನ್ನು ನೋಡಬಹುದು, ಆದರೆ ನಾನು ಹೆಚ್ಚು ನೆಚ್ಚುವುದು ಗುಮಾಸ್ತರ ಮೇಜಿನ ಅದೇ ಪುಸ್ತಕವನ್ನು. ಅದರ ಬಲ ಅಂಚಿನಲ್ಲಿ ಎರಡು ಸಣ್ಣ ಕಾಲಂ ಎಳೆಯಿರಿ. ಬಂದವರು ಬೇಕಾದ ಕಾಗದಗಳನ್ನು ತಂದಿದ್ದರೇ ಎಂಬುದು ಒಂದರಲ್ಲಿ, ಅವಧಿಯೊಳಗೆ ಬಂದಿದ್ದರೇ ಎಂಬುದು ಇನ್ನೊಂದರಲ್ಲಿ. ಕಳೆದ ಮಾಘದಲ್ಲಿ ಹೊಸನಗರದ ಕಡೆಯ ಮಧ್ಯವಯಸ್ಸಿನ ಹೆಂಗಸೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ವಂಶವೃಕ್ಷ, ಮೂರು ಕಾಲದ ಪಹಣಿ, 7ನೇ ನಮೂನೆಯ ಆದೇಶದ ನಕಲು ಎಲ್ಲವನ್ನೂ ಲೇಖನದಲ್ಲಿದ್ದ ಕ್ರಮದಲ್ಲೇ ಜೋಡಿಸಿಕೊಂಡು ಬಂದಿದ್ದರು. ತಮ್ಮನ ಮೇಲೆ ದಾವೆ ಹೂಡುವ ಮನಸ್ಸಿಲ್ಲ, ಕೂತು ಮಾತಾಡುವಾಗ ತನ್ನ ಹಕ್ಕು ಎಷ್ಟೆಂದು ತನಗೆ ಗೊತ್ತಿರಬೇಕು ಎಂದರು. ವಕೀಲರು ಅರ್ಧ ಗಂಟೆಯಲ್ಲಿ ಕಡತ ನೋಡಿ ಮುಗಿಸಿದರು, ಗುಮಾಸ್ತರು ಎರಡೂ ಕಾಲಮಿನಲ್ಲಿ ಗುರುತು ಹಾಕಿದರು.